ಕೊಟ್ಟ ಮಾತು ನಿಲ್ಲುವ ಬಗೆ



ಅಬ್ರಹಾಮನು ತನ್ನ ಹೆಂಡತಿಯಾದ ಸಾರಳನ್ನು ಹೂಣಿಡುವದಕ್ಕಾಗಿ ಹಿತ್ತಿಯನಾದ ಎಫ್ರೋನನಿಂದ ಮಕ್ಪೇಲದ ಹೊಲವನ್ನು 400 ಶೆಕೆಲ್ ಬೆಳ್ಳಿಗೆ ಕೊಂಡ ಸಂಗತಿಯನ್ನು ಆದಿಕಾಂಡದ 23ನೇ ಅಧ್ಯಾಯದಲ್ಲಿ ಓದುತ್ತೇವೆ. ಊರಬಾಗಲಿಗೆ ಬರುವವರೆಲ್ಲರ ಮುಂದೆ ಮಾತು ನಡೆಯಿತು, ಬೆಳ್ಳಿಯು ತೂಗಲ್ಪಟ್ಟಿತು. ಹೊಲವೂ ಅದರಲ್ಲಿದ್ದ ಗವಿಯೂ ಎಲ್ಲೆಯೊಳಗಿನ ಮರಗಳೂ ಒಂದೊಂದಾಗಿ ಹೇಳಲ್ಪಟ್ಟು ಅಬ್ರಹಾಮನಿಗೆ ಸ್ಥಿರವಾದವು. ಇಬ್ರಿಯ ಮೂಲದಲ್ಲಿ ಇಲ್ಲಿರುವ ಮಾತಿನ ನೇರವಾದ ಅರ್ಥವು ಎದ್ದು ನಿಂತಿತು ಎಂಬದೇ. ನಮ್ಮ ಸ್ಥಿರ ಎಂಬ ಶಬ್ದವೂ ನಿಲ್ಲು ಎಂಬರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದ್ದು. ಇಸ್ರಾಯೇಲರಲ್ಲಿ ಹೀಗೆ ಮಾತನ್ನು ನಿಲ್ಲಿಸುವದಕ್ಕೆ ಒಬ್ಬನು ತನ್ನ ಕೆರವನ್ನು ಬಿಚ್ಚಿ ಮತ್ತೊಬ್ಬನಿಗೆ ಕೊಡುವ ವಾಡಿಕೆಯಿತ್ತೆಂದು ರೂತಳ ಪುಸ್ತಕವು ತಿಳಿಸುತ್ತದೆ. ಪತ್ರಕ್ಕೆ ಬದಲಾಗಿ ಕೆರವು!

ಕೋರ್ಟುಕಚೇರಿಗಳಲ್ಲಿ ರ್‍ಯಾಟಿಫಿಕೇಶನ್ ಎಂದು ಕೇಳುವ ಶಬ್ದವು ಲತೀನ್ ಭಾಷೆಯದು. ನಿಶ್ಚಯವೆಂದು ಎಣಿಸಲ್ಪಟ್ಟದ್ದು ಎಂಬ ಮಾತಿಗೆ ಮಾಡು ಎಂಬದು ಸೇರಿ ಆದದ್ದು. ಪೌಲನು ಉಪಯೋಗಿಸಿರುವ ಸಂಚಕಾರ, ಮುದ್ರೆ ಎಂಬ ಮಾತುಗಳು ಸಹ ವ್ಯಾಪಾರದಿಂದಲೂ ಪತ್ರವ್ಯವಹಾರದಿಂದಲೂ ಬಂದವುಗಳೇ. ಅಡವಿಟ್ಟದ್ದು ಹಿಂದಕ್ಕೆ ಬರುತ್ತದೆ. ಸಂಚಕಾರವಾದರೋ ಪೂರಾ ಹಣದ ಮೊದಲ ಭಾಗವಾದದರಿಂದ ಕೊಂಡವನ ಕಡೆಗೆ ತಿರುಗುವದಿಲ್ಲ. ಇದನ್ನು ಸಂತೆಗೆ ಹೋಗುವವರಿಗೆ ವಿವರಿಸಬೇಕಾಗಿಲ್ಲ.

ಆದರೆ ನಮ್ಮ ಹೆಸರಿನಲ್ಲಿ ಬೇರೊಬ್ಬನು ಮಾತು ಕೊಟ್ಟರೆ ಅದು ನಿಲ್ಲುವದು ಹೇಗೆ? ತಮ್ಮನು ಜಾತ್ರೆಗೆ ಹೋಗಿ, ಅಣ್ಣನನ್ನು ಕೇಳದೆ ಅಣ್ಣನ ಪರವಾಗಿ ಎತ್ತುಗಳನ್ನು ಮಾರಿ, ಬಿತ್ತನೆ ಮುಗಿಯುವ ತನಕ ಮೇವನ್ನೂ ಒದಗಿಸುತ್ತೇವೆಂದು ಒಪ್ಪಿಬಂದನೆನ್ನೋಣ. ನಮ್ಮ ದೇಶದ 1872ನೇ ಇಸವಿಯ ಕರಾರು ಕಾಯಿದೆಯ 196ರಿಂದ 199ರ ವರೆಗಿನ ಕಲಮುಗಳು ಇಂಥಾ ಸಂಗತಿಗೇ ಇವೆ. ಅಣ್ಣನು ಒಪ್ಪಬಹುದು, ಒಲ್ಲೆನೆನ್ನಲೂಬಹುದು. ಒಪ್ಪಿದರೆ ಅವನು ಮೊದಲೇ ಅಪ್ಪಣೆ ಕೊಟ್ಟಿದ್ದಂತೆಯೇ ಎಣಿಕೆ. ಬಾಯಿಂದ ಹೇಳದಿದ್ದರೂ, ಎಲ್ಲಾ ತಿಳಿದು ಹಣವನ್ನು ತೆಗೆದುಕೊಂಡು ವೆಚ್ಚಮಾಡಿದರೆ ಅದೂ ಒಪ್ಪಿಗೆಯೇ. ಹಣವನ್ನಿಟ್ಟುಕೊಂಡು ಮೇವನ್ನು ಕೊಡಲಾರೆನೆಂದರೆ ನಡೆಯದು. ಒಪ್ಪಿದವನು ವ್ಯವಹಾರವನ್ನೆಲ್ಲಾ ಒಪ್ಪಬೇಕು. ಇನ್ನು ಮುಖ್ಯವಾದ ಸಂಗತಿಯನ್ನು ಅವನಿಗೆ ಮರೆಮಾಡಿದ್ದರೆ ಆ ಒಪ್ಪಿಗೆಯು ಸಿಂಧುವಲ್ಲ.

ಈ ಕಾಯಿದೆಯ ಮಾತನ್ನು ನಾವೇಕೆ ಎತ್ತಿದೆವು? ನಮ್ಮಲ್ಲಿ ಅನೇಕರ ದೀಕ್ಷಾಸ್ನಾನವು ತಾಯಿಯ ತೋಳಿನಲ್ಲಿ ಆಯಿತು. ಮಾತು ಕೊಟ್ಟವರು ಬೇರೆಯವರು. ಆಂಗ್ಲ ಸಭೆಯ 1662ನೇ ಇಸವಿಯ ಪ್ರಾರ್ಥನೆಪುಸ್ತಕದಲ್ಲಿ, ದೃಢೀಕರಣಕ್ಕೆ ಬಂದವರನ್ನು ಸಭಾಧ್ಯಕ್ಷನು ಕೇಳುವ ಪ್ರಶ್ನೆಯೊಳಗೆ ಈ ರ್‍ಯಾಟಿಫಿಕೇಶನ್ ಎಂಬ ಶಬ್ದವೇ ಸೇರಿದೆ: ನಿಮ್ಮ ಹೆಸರಿನಲ್ಲಿ ಅಂದು ಆದ ಹರಕೆಯನ್ನು ಈಗ ನೀವೇ ನಿಲ್ಲಿಸುತ್ತೀರೋ ಎಂಬದು ಅದರ ಭಾವ.

ಇಲ್ಲಿ ಹಿರಿಯರಾದ ನಮ್ಮ ತಪ್ಪನ್ನು ಹೇಳದೆ ಇರಲಾರೆವು. ಹುಡುಗನಿಗೆ ವಯಸ್ಸಾಯಿತು, ಹೊಸ ಬಟ್ಟೆ ಹೊಲಿಸಿದ್ದಾಯಿತು, ನೆಂಟರಿಗೆ ಕರೆ ಹೋಯಿತು. ಪ್ರಶ್ನೋತ್ತರವನ್ನು ಗಿಣಿಯಂತೆ ಒಪ್ಪಿಸಿದರೆ ಸಾಕೆನ್ನುತ್ತೇವೆ. ಕ್ರಿಸ್ತನ ಹಿಂದೆ ಹೋಗುವವನು ಶತ್ರುವನ್ನು ಕ್ಷಮಿಸಬೇಕು, ಊರವರು ದೂರಮಾಡಿದರೂ ತಾಳಬೇಕು ಎಂಬದನ್ನು ಅವನಿಗೆ ಬಿಚ್ಚಿ ಹೇಳಿದೆವೋ? ಎತ್ತಿನ ವ್ಯಾಪಾರದಲ್ಲಿ ಮೇವಿನ ಮಾತನ್ನು ಬಚ್ಚಿಡುವದು ಮೋಸವಾದರೆ ಇದೇನು? ಅವನು ಇನ್ನೂ ಸ್ವಲ್ಪ ಕಾಲ ಬಿಡಿರಿ ಎಂದರೆ ಗದರಿಸುತ್ತೇವೆ. ಒಲ್ಲೆನೆನ್ನಲು ಬಿಡುವಿಲ್ಲದಲ್ಲಿ ಹೂಂ ಎಂದದ್ದಕ್ಕೆ ಬೆಲೆಯೆಷ್ಟು? ತಂದೆಯ ಮಾತು ತಂದೆಯದೇ ಆಗಿ ಉಳಿಯುತ್ತದೆ, ಮಗನದಾಗಿ ನಿಲ್ಲುವದಿಲ್ಲ.

ಸೀನಾಯಿಬೆಟ್ಟದ ಬುಡದಲ್ಲಿ ಮೋಶೆಯು ಅವಸರಪಡಲಿಲ್ಲ. ಮೊದಲು ದೇವರ ಮಾತುಗಳನ್ನೆಲ್ಲಾ ತಿಳಿಸಿದನು. ಜನರು ಒಂದೇ ಸ್ವರದಿಂದ ಒಪ್ಪಿದರು. ಅಷ್ಟಕ್ಕೇ ಬಿಡದೆ ಅವುಗಳನ್ನು ಬರೆದನು. ಮಾರನೆಯ ಬೆಳಿಗ್ಗೆ ಯಜ್ಞವೇದಿಯನ್ನೂ 12 ಕಂಬಗಳನ್ನೂ ನಿಲ್ಲಿಸಿ, ಬರೆದ ಆ ಒಡಂಬಡಿಕೆಯ ಪುಸ್ತಕವನ್ನು ಎಲ್ಲರಿಗೂ ಕೇಳುವಂತೆ ಓದಿದನು. ಅವರು ಎರಡನೆಯ ಸಾರಿ ಹೌದೆಂದ ಮೇಲೆಯೇ ರಕ್ತವನ್ನು ಅವರ ಮೇಲೆ ಚಿಮುಕಿಸಿದನು.