ತುತ್ತು ಯಾರ ಕೈಯದು?

ದೆಹಲಿಯ ಕನ್ನಡ ಮನೆಯೊಂದರಲ್ಲಿ ಮಗು ಹುಟ್ಟಿತೆಂದರೆ ಮೈಸೂರಿನಿಂದಲೋ ಧಾರವಾಡದಿಂದಲೋ ಅಜ್ಜಿ ಬಂದಿಳಿಯುತ್ತಾರೆ. ಅವರ ಪೆಟ್ಟಿಗೆಯಲ್ಲಿ ಹುರಿದು ಬೀಸಿದ ರಾಗಿಹಿಟ್ಟು, ಬಜೆಬೇರು, ಎರಡು ಮೂರು ತಲೆಮಾರು ಕಂಡ ಬೆಳ್ಳಿಯ ಒಳಲೆ ಇದ್ದೇ ಇರುತ್ತವೆ. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಒಳಲೆಯ ಮೂತಿಯನ್ನು ಬಾಯಿಗಿಟ್ಟು ರಾಗಿ ಸರಿ ಹೊಯ್ಯುವ ಆ ಕೈ ನಮ್ಮಲ್ಲಿ ಅನೇಕರನ್ನು ಸಾಕಿದ ಕೈ.

ಈಗ ಮಯೂರ್ ವಿಹಾರದಲ್ಲೋ ಗುರುಗ್ರಾಮದಲ್ಲೋ ಆ ಅಜ್ಜಿಗೆ ಬೇರೊಂದು ನೋಟ ಎದುರಾಗುತ್ತದೆ. ಆರು ತಿಂಗಳು ತುಂಬಿದ ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅದರ ಮುಂದೆ ಬೇಯಿಸಿದ ಸಿಹಿಗುಂಬಳದ ಹೋಳು, ಇಡ್ಲಿಯ ಚೂರು ಇಟ್ಟು ಸೊಸೆ ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದಾಳೆ. ಮಗು ಹೋಳನ್ನು ಹಿಸುಕುತ್ತದೆ, ಮೂಗಿಗೆ ಬಳಿದುಕೊಳ್ಳುತ್ತದೆ, ಅರ್ಧ ನೆಲಕ್ಕೆ ಕೆಡಹುತ್ತದೆ. ಒಂದಿಷ್ಟು ಬಾಯಿಗೂ ಹೋಗುತ್ತದೆ. “ಹೆತ್ತ ತಾಯಿ ಎದುರಿಗಿದ್ದೂ ಮಗು ತಾನೇ ಹೆಕ್ಕಿ ತಿನ್ನಬೇಕೇನೇ?” ಎಂದು ಅಜ್ಜಿ ಕೇಳುತ್ತಾರೆ. “ಅದರ ಹಸಿವು ಅದಕ್ಕೇ ತಾನೇ ಗೊತ್ತು, ಅತ್ತೆ?” ಎಂದು ಸೊಸೆಯ ಉತ್ತರ.

ನಮ್ಮ ಮನೆಯಲ್ಲೂ ಈ ಮಾತು ನಡೆಯಿತು. ಮೇಲುನೋಟಕ್ಕೆ ಇದು ಅಡಿಗೆಮನೆಯ ಚರ್ಚೆ. ಆದರೆ ಒಳಹೊಕ್ಕು ನೋಡಿದರೆ ಅದರಲ್ಲಿ ದೊಡ್ಡ ಪ್ರಶ್ನೆಯೊಂದು ಅಡಗಿದೆ. ನಾವು ಪ್ರೀತಿಸುವವರಿಗಾಗಿ ಎಷ್ಟನ್ನು ನಾವೇ ಮಾಡಿಕೊಡಬೇಕು? ಎಲ್ಲಿ ಕೈ ಹಿಂದೆಗೆದುಕೊಳ್ಳಬೇಕು?

ಮಗು ತಾನೇ ತಿನ್ನುವ ಈ ಕ್ರಮಕ್ಕೆ ಇತ್ತೀಚೆಗೆ ಪ್ರಚಾರ ತಂದವರು ಇಂಗ್ಲೆಂಡಿನ ಗಿಲ್ ರಾಪ್ಲಿ ಎಂಬಾಕೆ. ಅವರ ಪುಸ್ತಕ ಬಂದದ್ದು 2008ರಲ್ಲಿ. ಆದರೆ ಇದರ ಹಿಂದಿನ ವಿಚಾರ ಹಳೆಯದು. 1926ರಲ್ಲಿಯೇ ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಆಗತಾನೇ ಹಾಲು ಬಿಡಿಸಿದ ಶಿಶುಗಳ ಮುಂದೆ ಬಗೆಬಗೆಯ ಆಹಾರವನ್ನಿಟ್ಟು, ತಮಗೆ ಬೇಕಾದ್ದನ್ನು ಬೇಕಾದಷ್ಟು ತಿನ್ನಲು ಬಿಟ್ಟು ನೋಡಿದರು. ಪಕ್ಕದಲ್ಲಿ ಕುಳಿತ ದಾದಿ ಚಮಚ ಹಿಡಿದು ಸುಮ್ಮನಿರಬೇಕು. ಮಗು ಒಂದು ಬಟ್ಟಲಿನತ್ತ ಕೈ ಚಾಚಿದರೆ ಮಾತ್ರ ಅದರಿಂದ ಚಮಚ ತುಂಬಬೇಕು. ಬಾಯಿ ತೆರೆದರೆ ಮಾತ್ರ ಕೊಡಬೇಕು. ತಿನ್ನು ಎನ್ನುವಂತಿಲ್ಲ, ಸಾಕು ಎನ್ನುವಂತಿಲ್ಲ. 1939ರಲ್ಲಿ ಅವರು 15 ಮಕ್ಕಳ ಫಲಿತಾಂಶವನ್ನು ಪ್ರಕಟಿಸಿದರು. ಒಂದೊಂದು ಮಗುವಿನ ಆಯ್ಕೆ ಒಂದೊಂದು ಬಗೆ; ಆದರೂ ಎಲ್ಲವೂ ಚೆನ್ನಾಗಿ ಬೆಳೆದವು.

ಇಷ್ಟನ್ನೇ ಕೇಳಿ, ಮಗುವಿಗೆ ಎಲ್ಲವೂ ತಿಳಿದಿದೆ ಎಂದು ನಾವು ಹಿಗ್ಗಬಾರದು. ಡೇವಿಸ್ ಇಟ್ಟಿದ್ದ 34 ಪದಾರ್ಥಗಳಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕತ್ತು ಇರಲಿಲ್ಲ. ಎಲ್ಲವೂ ಹಾಲು, ಮೊಟ್ಟೆ, ಮಾಂಸ, ಧಾನ್ಯ, ಹಣ್ಣು, ತರಕಾರಿಗಳಂಥ ಸಹಜ ಆಹಾರ. ಗುಟ್ಟು ಆ ಪಟ್ಟಿಯಲ್ಲಿಯೇ ಇದೆಯೆಂದು ಅವರೇ ಒಪ್ಪಿಕೊಂಡರು. ಅಂದರೆ ಆಯ್ಕೆ ಮಗುವಿನದು, ಪಟ್ಟಿ ದೊಡ್ಡವರದು. ಕೈ ಹಿಂದೆಗೆದುಕೊಂಡವರು ಹೊಣೆಯನ್ನು ಹಿಂದೆಗೆದುಕೊಂಡಿರಲಿಲ್ಲ. ಅದನ್ನು ಬಾಯಿಯಿಂದ ತಟ್ಟೆಗೆ ಸಾಗಿಸಿದ್ದರು, ಅಷ್ಟೆ.

ಅಜ್ಜಿಯರ ಆಕ್ಷೇಪಣೆಗಳು ಮೂರು, ಮೂರರಲ್ಲೂ ಹುರುಳಿದೆ. ಮೊದಲನೆಯದು ಭಯ: ಗಂಟಲಿಗೆ ಸಿಕ್ಕಿಕೊಂಡರೆ? ನ್ಯೂಜಿಲೆಂಡಿನಲ್ಲಿ 206 ತಾಯಂದಿರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನದಲ್ಲಿ, ಎಚ್ಚರಿಕೆಯ ಪಾಠ ಹೇಳಿಸಿಕೊಂಡು ಈ ಕ್ರಮ ಅನುಸರಿಸಿದ ಮನೆಗಳಲ್ಲಿ ಉಸಿರು ಕಟ್ಟುವ ಪ್ರಸಂಗಗಳು ಹೆಚ್ಚಾಗಿ ಕಾಣಲಿಲ್ಲ. ಆದರೆ ಎಚ್ಚರಿಕೆ ಎಂಬ ಮಾತನ್ನು ಮರೆಯುವಂತಿಲ್ಲ. ಮಗು ನೆಟ್ಟಗೆ ಕೂರುವಂತಾಗಿರಬೇಕು. ಹೋಳು ಎರಡು ಬೆರಳುಗಳ ನಡುವೆ ಹಿಸುಕಿದರೆ ನುಜ್ಜಾಗುವಷ್ಟು ಮೆತ್ತಗೆ ಬೆಂದಿರಬೇಕು. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಹಸಿ ಸೇಬಿನ ತುಂಡು ಕೂಡದು. ಮಗು ಸದ್ದು ಮಾಡಿ ಓಕರಿಸಿದರೆ ಅದು ಗಂಟಲಿನ ಕಾವಲು; ಸದ್ದಿಲ್ಲದೆ ಕಣ್ಣು ಬಿಟ್ಟರೆ ಅದು ಅಪಾಯ. ಆಗ ಬಾಯಲ್ಲಿ ಕುರುಡಾಗಿ ಬೆರಳು ತೂರಿಸದೆ, ಬೆನ್ನಿಗೆ ಐದು ಏಟು, ಎದೆಗೆ ಐದು ಒತ್ತು ಕೊಡುವ ಕ್ರಮವನ್ನು ಮನೆಯವರೆಲ್ಲ ವೈದ್ಯರಿಂದ ಮೊದಲೇ ಕಲಿತಿರಬೇಕು. ಊಟದ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಲೇಬಾರದು.

ಎರಡನೆಯದು ಪುಷ್ಟಿಯ ಚಿಂತೆ. ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಅದನ್ನು ತುಂಬಲು ಕುಂಬಳದ ಹೋಳೊಂದೇ ಸಾಲದು. ಬೇಳೆ ಬೇಕು, ರಾಗಿ ಬೇಕು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮಾಂಸ ಬೇಕು. ಅಜ್ಜಿಯ ರಾಗಿಹಿಟ್ಟಿಗೆ ಇಲ್ಲಿ ಮರ್ಯಾದೆಯ ಸ್ಥಾನವೇ ಉಂಟು: ಸರಿಯಾಗಿ ಒಪ್ಪದ ಮಗುವಿಗೆ ಮೆತ್ತನೆಯ ದೋಸೆಯ ಪಟ್ಟಿಯಾಗಿ ಅದು ಒಪ್ಪೀತು. ತಂದದ್ದು ಮುಗಿದರೆ ಇಲ್ಲಿನ ಅಂಗಡಿಗಳಲ್ಲಿ ಮಂಡುವಾ ಎಂಬ ಹೆಸರಿನಲ್ಲಿ ಸಿಗುವುದೂ ರಾಗಿಯೇ. ಜೇನುತುಪ್ಪ ನೆಕ್ಕಿಸುವ ಪದ್ಧತಿಯೊಂದನ್ನು ಮಾತ್ರ ವರ್ಷ ತುಂಬುವವರೆಗೆ ಬಿಡಬೇಕು. ಶಿಶುವಿಗೆ ಅಪಾಯ ತರುವ ಸೂಕ್ಷ್ಮಜೀವಿ ಅದರಲ್ಲಿ ಇರಬಹುದು.

ಮೂರನೆಯದು ನಮ್ಮನ್ನು ಹೆಚ್ಚು ಕಾಡಿದ ಮಾತು: ಅನ್ನ ಚೆಲ್ಲಬಾರದು. ನೆಲಕ್ಕೆ ಬಿದ್ದ ಇಡ್ಲಿಯನ್ನು ಒರೆಸುವವರು ಯಾರು? ಅನೇಕ ಮನೆಗಳಲ್ಲಿ ಕೆಲಸಕ್ಕೆ ಬರುವ ಹೆಂಗಸು. ಆಕೆಯೂ ತನ್ನ ಮಗುವಿಗೆ ಗಡಿಬಿಡಿಯಲ್ಲಿ ನಾಲ್ಕು ತುತ್ತು ತಿನ್ನಿಸಿ ಓಡಿ ಬಂದವಳು. ನಮ್ಮ ಮಗುವಿನ ಸ್ವಾತಂತ್ರ್ಯದ ಕಸವನ್ನು ಆಕೆಯ ಕೈಯಲ್ಲಿ ಬಳಿಸುವುದು ಯಾವ ನ್ಯಾಯ? ಆದ್ದರಿಂದ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಒಂದು ಸಲಕ್ಕೆ ಎರಡೇ ಹೋಳು, ಮುಗಿದರೆ ಮತ್ತೆರಡು. ಚೆಲ್ಲಿದ್ದನ್ನು ಒರೆಸುವವರು ನಾವೇ.

ಇಷ್ಟಾದರೂ ನಮ್ಮ ತಾಯಿಯವರ ಮನಸ್ಸು ಕರಗಿರಲಿಲ್ಲ. ಕಣ್ಣು ತೆರೆಸಿದ್ದು ಅದೇ ಮೇಜಿನ ಇನ್ನೊಂದು ತುದಿ. ಅಲ್ಲಿ ಕೂರುವವರು ನಮ್ಮ ತಂದೆಯವರು. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಸಾರನ್ನದ ಚಮಚ ಬಾಯಿ ಸೇರುವಷ್ಟರಲ್ಲಿ ಅರ್ಧ ಪಂಚೆಯ ಮೇಲಿರುತ್ತದೆ. ಒಂದು ದಿನ ನಾವು ಅವಸರದಲ್ಲಿ ಚಮಚಕ್ಕೆ ಕೈ ಹಾಕಿದಾಗ ತಾಯಿಯವರು ತಡೆದರು. “ಬಿಡಿ, ಅವರೇ ತಿಂತಾರೆ. ಕೇಳಿದರೆ ಕೊಡೋಣ” ಎಂದರು. ಅನ್ನವನ್ನು ಮೆತ್ತಗೆ ಕಲಸಿಡುವುದು, ಅಂಚಿರುವ ಭಾರದ ಬಟ್ಟಲನ್ನು ಆರಿಸುವುದು, ತೊಡೆಯ ಮೇಲೆ ಟವೆಲು ಹಾಸುವುದು, ಅರ್ಧ ಗಂಟೆ ಪಕ್ಕದಲ್ಲಿ ಕುಳಿತಿರುವುದು, ಇಷ್ಟನ್ನೂ ಅವರು ದಿನವೂ ಮಾಡುತ್ತಿದ್ದರು. ಗಂಡನ ಬಾಯಿಗೆ ತುರುಕಲಿಲ್ಲ. ಅವರನ್ನು ಒಂಟಿಯಾಗಿಯೂ ಬಿಡಲಿಲ್ಲ.

ಮಗುವಿನ ತಾಯಿ ಆ ಕುರ್ಚಿಯ ಬಳಿ ಮಾಡುತ್ತಿದ್ದುದೂ ಇದನ್ನೇ ಎಂದು ನಮಗೆ ಆಗ ಹೊಳೆಯಿತು. ಮುದುಕನಲ್ಲಿ ನಾವು ಮಾನವೆಂದು ಗುರುತಿಸುವುದನ್ನು ಮಗುವಿನಲ್ಲಿ ಹಟವೆನ್ನುತ್ತೇವೆ. ತಾತ ಬಾಯಿ ಮುಚ್ಚಿದರೆ ಸಾಕಾಯಿತೆಂದು ತಟ್ಟೆ ಎತ್ತುತ್ತೇವೆ. ಮಗು ಬಾಯಿ ಮುಚ್ಚಿದರೆ ಕಾಗೆ ತೋರಿಸಿ, ಕೈಗೆ ಮೊಬೈಲು ಕೊಟ್ಟು, ಅದು ಮೈಮರೆತ ಕ್ಷಣದಲ್ಲಿ ತುತ್ತು ತೂರಿಸುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ, ನಿಜ. ಆದರೆ ಉಣ್ಣುವವರ ಒಪ್ಪಿಗೆ ಕೇಳದ ಪ್ರೀತಿಯಲ್ಲಿ ನಮ್ಮ ಅವಸರವೂ, ತಟ್ಟೆ ಖಾಲಿಯಾಯಿತೆಂಬ ನಮ್ಮ ಸಮಾಧಾನವೂ ಬೆರೆತಿರುತ್ತವೆ.

ಹಾಗೆಂದು ಕೈತುತ್ತು ಬೇಡವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದೂ ಮಗುವಿನ ಹಸಿವಿನ ಸನ್ನೆ ನೋಡಿ, ಅದಕ್ಕೆ ತಕ್ಕಂತೆ ಉಣ್ಣಿಸಿರೆಂದೇ ಹೊರತು ಉಣ್ಣಿಸಬೇಡಿ ಎಂದಲ್ಲ. ಕೈಯ ಪ್ರಶ್ನೆಗಿಂತ ಕಾಯುವ ಪ್ರಶ್ನೆ ದೊಡ್ಡದು.

ನಾವು ಈ ಮಾತನ್ನು ತಾಯಿಯವರಿಗೆ ಉಪದೇಶ ಮಾಡಲಿಲ್ಲ. ತಾತನ ಬಟ್ಟಲು, ಮಗುವಿನ ತಟ್ಟೆ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಒಂದೆರಡು ವಾರ ಕಳೆದ ಮೇಲೆ ಅವರು ಬೇಳೆಯ ಕಟ್ಟಿನಲ್ಲಿ ಕಲಸಿದ ಪುಟ್ಟ ತುತ್ತೊಂದನ್ನು ಮಗುವಿನ ಮುಖದಿಂದ ಗೇಣುದ್ದ ದೂರದಲ್ಲಿ ಹಿಡಿದು ಕುಳಿತರು. ಮಗು ಇಡ್ಲಿ ಹಿಸುಕುವುದನ್ನು ಬಿಟ್ಟು ಅಜ್ಜಿಯ ಬೆರಳುಗಳನ್ನೇ ಹಿಡಿದು ಬಾಯಿಗೆಳೆದುಕೊಂಡಿತು. ಒಳಲೆ ಈಗ ದೇವರ ಮನೆಯ ಗೂಡಿನಲ್ಲಿದೆ. ಅದನ್ನು ಅಲ್ಲಿಟ್ಟವರು ಅವರೇ.