ಹೆಸರು ಯಾರ ಆಸ್ತಿ?

ನಾಲ್ವರು ಕೂಡಿ ಒಂದು ಕೆಲಸವನ್ನು ಕಟ್ಟುತ್ತಾರೆ. ಅದಕ್ಕೊಂದು ಹೆಸರು ಬರುತ್ತದೆ. ಮುಂದೆ ಅವರಲ್ಲಿ ಹೆಚ್ಚಿನ ಭಾರ ಹೊತ್ತವನು ಎದ್ದುಹೋದರೆ ಆ ಹೆಸರು ಹೋದವನದೋ, ಉಳಿದವರದೋ? ನ್ಯಾಯಾಲಯಕ್ಕೆ ಇದು ಆಸ್ತಿಯ ಪ್ರಶ್ನೆ. ನನಗಾದರೋ ಇದು ಧರ್ಮದ ಪ್ರಶ್ನೆಯಾಗಿ ಕಾಣುತ್ತದೆ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ವಾದ್ಯವೃಂದದ ಕಥೆಯನ್ನು ಇದಕ್ಕಾಗಿಯೇ ನೆನೆಯಬೇಕು. ರಾಕ್ ಎಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವವರೂ ಕೊಂಚ ತಾಳ್ಮೆ ವಹಿಸಲಿ. ಇಲ್ಲಿಯ ಜಗಳ ನಮ್ಮ ಮನೆಗಳಲ್ಲಿ ಕಾಣದ್ದೇನಲ್ಲ.

1965ರಲ್ಲಿ ಲಂಡನ್ನಿನಲ್ಲಿ ಕೂಡಿದ ಈ ಗೆಳೆಯರಿಗೆ ಹೆಸರು ಕೊಟ್ಟವನು ಸಿಡ್ ಬ್ಯಾರೆಟ್. ಅದಾದರೂ ಅವನ ಸ್ವಂತದ್ದಲ್ಲ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕನ್ ಬ್ಲೂಸ್ ಗಾಯಕರ ಹೆಸರುಗಳಿಂದ ಆಯ್ದು ಜೋಡಿಸಿದ್ದು. ಮೊದಲ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವನೂ ಅವನೇ. ಆದರೆ ಬೇಗನೆ ಅವನ ಮನಸ್ಸಿನ ಸಮತೋಲ ತಪ್ಪಿತು. 1968ರಲ್ಲಿ ಗೆಳೆಯರು ಅವನನ್ನು ಬಿಟ್ಟು, ಹೆಸರನ್ನು ಹಿಡಿದು ಮುಂದೆ ನಡೆದರು. ಡೇವಿಡ್ ಗಿಲ್ಮರ್ ಬಂದು ಸೇರಿದ್ದ. ರೋಜರ್ ವಾಟರ್ಸ್ ಕ್ರಮೇಣ ಮುಂದಾಳಾದ. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಅವರ ಕೀರ್ತಿಯನ್ನು ಲೋಕಕ್ಕೆಲ್ಲ ಹರಡಿತು. 1975ರಲ್ಲಿ ಬ್ಯಾರೆಟ್ಟನನ್ನೇ ನೆನೆದು ಕಟ್ಟಿದ ಹಾಡಿನ ಕೆಲಸ ನಡೆದಿದ್ದಾಗ, ಮೈ ದಪ್ಪಗಾದ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ಒಬ್ಬಾತ ಸ್ಟುಡಿಯೋದೊಳಕ್ಕೆ ಬಂದು ನಿಂತ. ಅವನೇ ಬ್ಯಾರೆಟ್ ಎಂದು ಗೆಳೆಯರಿಗೆ ಗುರುತು ಹತ್ತಲು ಹೊತ್ತು ಹಿಡಿಯಿತು.

ಕೀರ್ತಿಯ ಬೆನ್ನಿಗೇ ಒಡಕು. 1979ರ ‘ದಿ ವಾಲ್’ ಹೊತ್ತಿಗೆ ವಾಟರ್ಸ್ ಹೇಳಿದ್ದೇ ಮಾತು. ಮೊದಲಿನಿಂದಲೂ ಇದ್ದ ರಿಚರ್ಡ್ ರೈಟ್ ಹೊರಬೀಳಬೇಕಾಯಿತು. ಆಮೇಲಿನ ಕಛೇರಿಗಳಲ್ಲಿ ಅವನು ಸಂಬಳಕ್ಕೆ ನುಡಿಸಿದ. 1985ರಲ್ಲಿ ವಾಟರ್ಸ್ ತಾನೇ ಹೊರಬಂದು, ಆ ಹೆಸರಿನ ಆಯುಷ್ಯ ಮುಗಿಯಿತೆಂದು ಸಾಧಿಸಿದ. ಗಿಲ್ಮರನೂ ಡ್ರಮ್ ಬಾರಿಸುತ್ತಿದ್ದ ನಿಕ್ ಮೇಸನ್ನನೂ ಒಪ್ಪಲಿಲ್ಲ. ವ್ಯಾಜ್ಯ 1987ರ ಕೊನೆಗೆ ರಾಜಿಯಾಯಿತು: ಹೆಸರು ಉಳಿದವರಿಗೆ, ‘ದಿ ವಾಲ್’ ವಾಟರ್ಸನಿಗೆ. ಕಛೇರಿಗಳಲ್ಲಿ ಹಾರಿಬಿಡುತ್ತಿದ್ದ, ಗಾಳಿ ತುಂಬಿದ ಹಂದಿಯೂ ಪಾಲಿನ ಮಾತಿಗೆ ಬಂದಿತ್ತು! ಹಿತ್ತಾಳೆಯ ಹಂಡೆಗಾಗಿ ಕಾದಾಡುವ ದಾಯಾದಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ವಾಟರ್ಸನ ವಾದ ತಳ್ಳಿಹಾಕುವಂಥದಲ್ಲ. ಮಾತು ಅವನದು, ಕಲ್ಪನೆ ಬಹುಮಟ್ಟಿಗೆ ಅವನದು. ಆದರೆ ಗಿಲ್ಮರನ ಗಿಟಾರಿನ ನಾದ, ರೈಟನ ಸ್ವರಗಳ ಹಾಸು ಇಲ್ಲದೆ ಆ ಮಾತು ಅಷ್ಟು ದೂರ ಹೋಗುತ್ತಿತ್ತೆ? ಅದಿರಲಿ, ಮುಖ್ಯನಾದವನು ಹೋದರೆ ಹೆಸರು ಸಾಯಬೇಕೆಂಬ ನ್ಯಾಯ 1968ರಲ್ಲಿ ಎಲ್ಲಿತ್ತು? ಬ್ಯಾರೆಟ್ ಕೊಟ್ಟ ಹೆಸರನ್ನು ಅವನಿಲ್ಲದೆಯೇ ಹದಿನೇಳು ವರ್ಷ ಹೊತ್ತವನಿಗೆ ಈ ವಾದ ಹೂಡುವ ಅಧಿಕಾರ ಕಡಿಮೆ. ಹಾಗೆಂದು ಉಳಿದವರು ಗೆದ್ದರೆನ್ನಲೂ ನಾನು ಸಿದ್ಧನಿಲ್ಲ; ಅವರ ಕೈಗೆ ಬಂದದ್ದೂ ಪಡೆದು ತಂದ ಸಾಲವೇ. 2013ರಲ್ಲಿ ವಾಟರ್ಸ್, ತಾನು ದಾವೆ ಹೂಡಿದ್ದು ತಪ್ಪೆಂದು ಬಹಿರಂಗವಾಗಿಯೇ ಒಪ್ಪಿಕೊಂಡ.

ಅದಕ್ಕೆ ಮೊದಲೇ ಅವರು ಒಮ್ಮೆ ಕೂಡಿದ್ದರು. 2005ರ ಜುಲೈ 2ರಂದು, ಬಡ ರಾಷ್ಟ್ರಗಳ ಪರವಾಗಿ ಬಾಬ್ ಗೆಲ್ಡಾಫ್ ಏರ್ಪಡಿಸಿದ ‘ಲೈವ್ 8’ ಕಛೇರಿಗೆ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಆ ನಾಲ್ವರು ಇಪ್ಪತ್ತನಾಲ್ಕು ವರ್ಷಗಳ ಮೇಲೆ ಒಂದೇ ವೇದಿಕೆ ಏರಿದರು. ಬ್ಯಾರೆಟ್ಟನ ಹೆಸರನ್ನು ಎತ್ತಿ ಒಂದು ಹಾಡನ್ನು ಅವನಿಗೆ ಅರ್ಪಿಸಿದವನು ವಾಟರ್ಸ್. ಆಮೇಲೆ ಕೂಡಿ ಪ್ರವಾಸ ಹೋಗುವ ಮಾತಿಗೆ ಗಿಲ್ಮರ್ ಒಪ್ಪಲಿಲ್ಲ. ಹಾಗಾದರೆ ಅಂದಿನ ಆಲಿಂಗನ ನಟನೆಯೆ? ನನಗೆ ಹಾಗನಿಸುವುದಿಲ್ಲ. ಮುನಿಸು ಮುಗಿಯದೆಯೇ ಸಾಲದ ಒಂದು ಕಂತನ್ನು ಸಲ್ಲಿಸಬಹುದು. ಸ್ನೇಹ ಮತ್ತೆ ಕುದುರುವವರೆಗೆ ಕಾದಿದ್ದರೆ ಅದೂ ಸಲ್ಲುತ್ತಿರಲಿಲ್ಲ. ಮರುವರ್ಷವೇ ಬ್ಯಾರೆಟ್ ತೀರಿಕೊಂಡ, 2008ರಲ್ಲಿ ರೈಟ್.

2024ರ ಅಕ್ಟೋಬರಿನಲ್ಲಿ, ಹಳೆಯ ಧ್ವನಿಮುದ್ರಿಕೆಗಳೊಡನೆ ಆ ಹೆಸರಿನ ಹಕ್ಕೂ ಸುಮಾರು 40 ಕೋಟಿ ಡಾಲರುಗಳಿಗೆ ಸೋನಿ ಸಂಸ್ಥೆಯ ಪಾಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು.