ಗೋವತ್ಸ ದ್ವಾದಶಿ: ಕರುವಿನ ಪಾಲು



ಆಶ್ವಯುಜ ಬಹುಳ ದ್ವಾದಶಿಯೇ ಗೋವತ್ಸ ದ್ವಾದಶಿ. ಅಂದು ಸಾಯಂಕಾಲ ಕರುವಿನೊಡನಿರುವ ಹಸುವನ್ನು ಪೂಜಿಸುವುದೂ, ಹಸುವಿನ ಹಾಲು ಮೊಸರು ತುಪ್ಪಗಳನ್ನು ವರ್ಜಿಸುವುದೂ ವಿಧಿ. ಚಾತುರ್ಮಾಸ್ಯದ ಕ್ಷೀರವ್ರತವನ್ನು ಆಚರಿಸುವ ನಮ್ಮ ಮನೆಗಳಲ್ಲಿ ಆ ವ್ರತವು ಅದಕ್ಕೆ ಮೊದಲೇ ಮುಗಿದು ಹಾಲು ಮತ್ತೆ ಬಳಕೆಗೆ ಬಂದಿರುವುದರಿಂದ ಈ ದಿನದ ವಿಶೇಷವು ಅನೇಕರ ಗಮನಕ್ಕೆ ಬಾರದೆಯೇ ಕಳೆದುಹೋಗುತ್ತದೆ.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಗೋಪಿಯರು ಯಶೋದೆಯ ಬಳಿಗೆ ದೂರು ತರುತ್ತಾರೆ. ಬೆಣ್ಣೆ ಕದ್ದ ಮಾತು ಎಲ್ಲರಿಗೂ ತಿಳಿದದ್ದೇ. ಆದರೆ ಅವರ ಮೊದಲ ದೂರು ಬೇರೆ. ಹಾಲು ಕರೆಯುವ ಹೊತ್ತಿಗೆ ಮುಂಚೆಯೇ ಈ ಬಾಲಕನು ಕರುಗಳನ್ನು ಬಿಚ್ಚಿಬಿಡುತ್ತಾನೆ, ಗದರಿದರೆ ನಗುತ್ತಾನೆ. ಬಿಚ್ಚಿದ ಕರು ಎಲ್ಲಿಗೆ ಹೋದೀತು? ಗೋಪಿಯರ ಪಾತ್ರೆಗೆ ನಷ್ಟ, ಕರುವಿಗೆ ಹೊಟ್ಟೆತುಂಬ ಹಾಲು. ಸ್ವಾಮಿಯು ಯಾರ ಪಕ್ಷ ವಹಿಸಿದನೆಂಬುದು ಇಲ್ಲಿ ಸ್ಪಷ್ಟವಾಗಿದೆ.

ನಾವು ಚಿಕ್ಕವರಾಗಿದ್ದಾಗ ಶೆಟ್ಟಿಕೆರೆಯಲ್ಲಿ ನಮ್ಮ ಮನೆಯ ಹಸು ಈಯಿತು. ಬೆಳಗಾಗುವುದರೊಳಗೆ ನೆರೆಹೊರೆಯಿಂದ ಪಾತ್ರೆಗಳು ಬಂದವು. ಗಿಣ್ಣನ್ನು ಕೇಳಿದವರಿಗೆ ಇಲ್ಲವೆನ್ನುವುದು ಪುರೋಹಿತರ ಮನೆಗೆ ಶೋಭೆಯಲ್ಲವೆಂದು ಹಂಚಿದೆವು. ಮಾಸು ಬೀಳುವವರೆಗೆ ಕರುವಿಗೆ ಕುಡಿಸಬಾರದೆಂದು ಯಾರೋ ಹೇಳಿದ್ದರು. ಅದು ಬಿದ್ದದ್ದು ಸಂಜೆಗೆ. ಆ ವೇಳೆಗೆ ಕೆಚ್ಚಲು ಬರಿದಾಗಿತ್ತು. ಕೆಲವೇ ದಿನಗಳಲ್ಲಿ ಕರು ಭೇದಿ ಹತ್ತಿ ಸತ್ತಿತು. ಈದ ಹತ್ತು ದಿನಗಳೊಳಗಿನ ಹಾಲನ್ನೂ, ಕರುವಿಲ್ಲದ ಹಸುವಿನ ಹಾಲನ್ನೂ ಮನುಸ್ಮೃತಿಯು ನಿಷೇಧಿಸಿದೆ. ಮೊದಲನೆಯದನ್ನು ನಾವು ಮೀರಿದೆವು, ಎರಡನೆಯದು ತಾನಾಗಿಯೇ ಬಂದೊದಗಿತು. ತಂದೆಯವರು ಆ ಸಲ ಪಂಚಾಮೃತಕ್ಕೆ ಹಾಲನ್ನು ಬೇರೆ ಮನೆಯಿಂದ ತರಿಸಿದರು. ಕೊಟ್ಟಿಗೆಯಲ್ಲಿ ಹಸು ರಾತ್ರಿಯೆಲ್ಲ ಕೂಗುತ್ತಿತ್ತು.

ಮುಂದೆ ಪಶುವೈದ್ಯರೊಬ್ಬರಿಂದ ಇದರ ಕಾರಣವನ್ನು ಅರಿತೆವು. ರೋಗವನ್ನು ತಡೆಯುವ ಶಕ್ತಿಯು ಗರ್ಭದಲ್ಲಿರುವ ಕರುವಿಗೆ ತಾಯಿಯಿಂದ ದೊರೆಯುವುದಿಲ್ಲ. ಅದು ಗಿಣ್ಣುಹಾಲಿನಿಂದಲೇ ಬರಬೇಕು. ಆ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯವು ಕರುವಿನ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು, 24 ಗಂಟೆ ಕಳೆದ ಮೇಲೆ ಇಲ್ಲವೆಂದೇ ಹೇಳಬೇಕು. ಆದುದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೇ ಕುಡಿಸಬೇಕು. 25 ಕಿಲೋ ತೂಗುವ ಕರುವಿಗೆ ಮೊದಲ ದಿನದಲ್ಲಿ ಸುಮಾರು ಎರಡೂವರೆ ಲೀಟರು ಸಲ್ಲಬೇಕು. ಮಾಸು ಬೀಳಲೆಂದು ಕಾಯುವುದು ತಪ್ಪು. ಕರು ಮೊಲೆಗೆ ಬಾಯಿಟ್ಟರೆ ಅದು ಬೀಳುವುದಕ್ಕೂ ಸಹಾಯವೇ ಆಗುತ್ತದೆ. ಅದನ್ನು ಕೈಯಿಂದ ಎಳೆಯಬಾರದು. ಹನ್ನೆರಡು ಗಂಟೆ ಮೀರಿದರೆ ವೈದ್ಯರನ್ನು ಕರೆಸಬೇಕು. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಬೇಕು.

ತೆಂಗಿನ ಸೀಮೆಯವರಾದ ನಾವು ಇನ್ನೊಂದನ್ನು ಮರೆಯುತ್ತೇವೆ. ನೆರಳಿದೆಯೆಂದು ಎಳೆಗರುವನ್ನು ತೆಂಗಿನ ಮರದ ಬುಡದಲ್ಲಿ ಕಟ್ಟುವುದುಂಟು. ಕಾಯಿಯೋ ಒಣಗಿದ ಗರಿಯೋ ಬೀಳುವುದಕ್ಕೆ ಮುಹೂರ್ತವಿಲ್ಲ!

ಮಿಶ್ರತಳಿಯ ಹಸುಗಳಲ್ಲಿ ಕರು ಕುಡಿದೂ ಮಿಗುವಷ್ಟು ಗಿಣ್ಣು ಇರುತ್ತದೆ, ಅದನ್ನೇನು ಮಾಡುವುದೆಂದು ಕೇಳುವವರಿದ್ದಾರೆ. ಕೆಚ್ಚಲು ಬಿಗಿಯದಂತೆ ಕರೆದು, ಆ ಕರುವಿಗೇ ಸ್ವಲ್ಪ ಸ್ವಲ್ಪವಾಗಿ ಮುಂದಿನ ಹೊತ್ತುಗಳಲ್ಲಿ ಕುಡಿಸಬಹುದು. ಹತ್ತು ದಿನದ ನಿಷೇಧವನ್ನು ಮಡಿವಂತಿಕೆಯೆಂದು ನಗುವವರು ಆ ನಿಷೇಧದಿಂದ ಉಳಿಯುವ ಹಾಲು ಯಾರ ಹೊಟ್ಟೆಗೆ ಸೇರುತ್ತದೆಂದು ಕೊಟ್ಟಿಗೆಗೆ ಹೋಗಿ ನೋಡಲಿ.

ಈಗಲೂ ನಮ್ಮಲ್ಲಿ ಹಸು ಈದಾಗ ಪಾತ್ರೆಗಳು ಬರುತ್ತವೆ. ಹನ್ನೊಂದನೆಯ ದಿನ ಬನ್ನಿರೆಂದು ಹೇಳುತ್ತೇವೆ. ಕೆಲವರಿಗೆ ಬೇಸರವೂ ಆಗಿದೆ. ಬರಿಗೈಯಲ್ಲಿ ಕಳುಹಿಸಬಾರದೆಂದು ತೋಟದ ಎರಡು ಎಳನೀರನ್ನು ಕೊಟ್ಟು ಕಳುಹಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥